ಗೋಳಿಮರದ ಬಾವಲಿಗಳಿಗೆ ಹಬ್ಬದ ವಂತಿಗೆ

ಪ್ರಾಣಿಯೊಂದನ್ನು ಮನೆಗೆ ತರದೆ, ಅದರ ಹೆಸರಿನಲ್ಲಿ ಒಂದಿಷ್ಟು ಹಣ ಕೊಟ್ಟು, ಪ್ರತಿಯಾಗಿ ಒಂದು ಪತ್ರವನ್ನೋ ಚಿತ್ರವನ್ನೋ ಪಡೆಯುವ ಪದ್ಧತಿಗೆ ಸಾಂಕೇತಿಕ ದತ್ತು ಎನ್ನುತ್ತಾರೆ. ಹುಲಿ, ಆನೆ, ಸಿಂಹಗಳ ಮಟ್ಟಿಗೆ ನಮ್ಮ ರಾಜ್ಯದ ಮೃಗಾಲಯಗಳು ಇದನ್ನು ಜನರಿಗೆ ಪರಿಚಯಿಸಿ ವರ್ಷಗಳೇ ಆಗಿವೆ. ಆದರೆ ಬಾವಲಿಯ ಹೆಸರಿನಲ್ಲಿ, ಅದೂ ಸಾಗರ ತಾಲೂಕಿನ ಒಂದು ಅಡಿಕೆ ಊರಿನಲ್ಲಿ, ಭೂಮಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ಹಬ್ಬದ ಹೊತ್ತಿನಲ್ಲಿ ಇಂಥ ವಂತಿಗೆ ಎತ್ತಿದರೆ ಏನೇನು ಎದುರಾಗುತ್ತದೆ ಎಂಬುದು ಅದಕ್ಕೆ ಕೈಹಾಕಿದ ಮೇಲಷ್ಟೇ ನಮಗೆ ತಿಳಿಯಿತು. ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ನನ್ನನ್ನು ಊರಿನ ಯುವಕ ಮಂಡಲದವರು ಖಜಾಂಚಿ ಮಾಡಿದ್ದರಿಂದ (ಯುವಕ ಮಂಡಲಕ್ಕೆ ಅರವತ್ತು ದಾಟಿದ ಖಜಾಂಚಿ ಏಕೆಂದು ಕೇಳಬಾರದು, ಯುವಕರೆಲ್ಲ ಬೆಂಗಳೂರಿನಲ್ಲಿದ್ದಾರೆ) 2024ರ ಆ ಅಭಿಯಾನದ ಲೆಕ್ಕಪತ್ರವೂ ಅದರ ಜೊತೆಗಿನ ತಕರಾರುಗಳೂ ನನ್ನ ಪಾಲಿಗೆ ಬಂದವು.

ಆಲೋಚನೆಯನ್ನು ಊರಿಗೆ ತಲುಪಿಸಿದವಳು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು. ಅಲ್ಲಿ ಪ್ರತಿವರ್ಷ ಅಕ್ಟೋಬರ್ 24ರಿಂದ 31ರವರೆಗೆ ಬಾವಲಿ ಸಪ್ತಾಹ ನಡೆಯುತ್ತದೆ. ಅದರ ಕೊನೆಯ ದಿನವೇ ಅವರ ಹ್ಯಾಲೊವೀನ್ ಹಬ್ಬ. ಅಂಗಡಿ ಅಂಗಡಿಯ ಗಾಜಿನ ಮೇಲೂ ಬಾವಲಿಯ ಚಿತ್ರ ಕಾಣುವ ಆ ದಿನಗಳನ್ನು ನೋಡಿಕೊಂಡೇ ಬಾವಲಿ ಆರೈಕೆ ಕೇಂದ್ರಗಳು ದತ್ತು ಅಭಿಯಾನ ನಡೆಸುತ್ತವೆ. ರೆಕ್ಕೆ ಹರಿದು ಮತ್ತೆ ಹಾರಲಾಗದ ಬಾವಲಿಗಳು, ಮೃಗಾಲಯಗಳಿಂದಲೋ ಸಾಕುಪ್ರಾಣಿಗಳ ವ್ಯಾಪಾರಿಗಳಿಂದಲೋ ಬಂದು ಸೇರಿದ ಬಾವಲಿಗಳು ಅಲ್ಲಿ ಬದುಕಿನುದ್ದಕ್ಕೂ ಇರುತ್ತವೆ. ಅವುಗಳಲ್ಲೊಂದನ್ನು ನನ್ನ ಮೊಮ್ಮಗಳ ಹೆಸರಿನಲ್ಲಿ ದತ್ತು ತೆಗೆದುಕೊಂಡು, ಅದರ ಭಾವಚಿತ್ರವನ್ನೂ ಪ್ರಮಾಣಪತ್ರವನ್ನೂ ಅವಳು ಅಂಚೆಯಲ್ಲಿ ಕಳಿಸಿದ್ದಳು. ಜೊತೆಗಿನ ಕಾಗದದಲ್ಲಿ ತನ್ನ ಊರಿನ ಕಾಂಗ್ರೆಸ್ ಅವೆನ್ಯೂ ಸೇತುವೆಯ ವಿಷಯ ಬರೆದಿದ್ದಳು. 1980ರಲ್ಲಿ ಆ ಸೇತುವೆಯನ್ನು ನವೀಕರಿಸಿದಾಗ ಅಡಿಭಾಗದಲ್ಲಿ ಉಳಿದ ಸಂದುಗಳಲ್ಲಿ ಬಾವಲಿಗಳು ಬಂದು ನೆಲೆಸಿದವು. ಗಾಬರಿಗೊಂಡ ನಾಗರಿಕರು ಅವನ್ನು ಓಡಿಸಬೇಕೆಂದು ಅರ್ಜಿಗೆ ಸಹಿ ಸಂಗ್ರಹಿಸಿದರು. 1982ರಲ್ಲಿ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಕಟ್ಟಿದ್ದ ಮರ್ಲಿನ್ ಟಟಲ್ ಎಂಬ ವಿಜ್ಞಾನಿ ಆ ಊರಿಗೆ ಬಂದು ನೆಲೆಸಿ, ಜನರ ಭಯವನ್ನು ತಿಳಿವಳಿಕೆಯಿಂದ ಕರಗಿಸಿದರು. ಬೇಸಿಗೆಯ ಸಂಜೆಗಳಲ್ಲಿ ಆ ಸೇತುವೆಯಡಿಯಿಂದ ಹೊರಡುವ ಸುಮಾರು 15 ಲಕ್ಷ ಬಾವಲಿಗಳನ್ನು ನೋಡಲು ಈಗ ಪ್ರವಾಸಿಗರು ಸೇರುತ್ತಾರೆ.

ಮೊಮ್ಮಗಳು ಆ ಪ್ರಮಾಣಪತ್ರವನ್ನು ಶಾಲೆಗೆ ಒಯ್ದಳು. ಶಾಲೆಯ ವಿಜ್ಞಾನ ಶಿಕ್ಷಕಿ ಅದನ್ನು ನೋಡಿ, ನಮ್ಮ ಗೋಳಿಮರಕ್ಕೆ ಇಂಥದನ್ನು ಏಕೆ ಮಾಡಬಾರದು ಎಂದು ಮಂಡಲದ ಮುಂದೆ ಪ್ರಸ್ತಾಪವಿಟ್ಟರು.

ಆ ಮರದ ಸ್ಥಿತಿಯನ್ನು ಹೇಳಬೇಕು. ಊರಿನ ಅಂಚಿನಲ್ಲಿ, ಅಡಿಕೆ ತೋಟ ಮುಗಿದು ಸೊಪ್ಪಿನಬೆಟ್ಟ ಶುರುವಾಗುವ ಕಡೆ, ಹಿಡುವಳಿ ಜಾಗದಲ್ಲಿ ನಿಂತಿರುವ ಹಳೆಯ ಗೋಳಿ ಅದು. ಹಗಲಿನಲ್ಲಿ ಅದರ ಕೊಂಬೆಗಳ ತುಂಬ ದೊಡ್ಡ ಹಣ್ಣುಬಾವಲಿಗಳು ನೇತಾಡುತ್ತಿರುತ್ತವೆ. ರೆಕ್ಕೆ ಬಿಚ್ಚಿದರೆ ನಾಲ್ಕರಿಂದ ಐದು ಅಡಿ ಅಗಲ, ನರಿಯಂಥ ಕೆಂಗಂದು ಮುಖ, ಕಪ್ಪು ತೊಗಲು. ಮರದ ಮಾಲೀಕರ ದೂರು ಇಷ್ಟೇ: ವಾಸನೆ, ಸದ್ದು, ಮತ್ತು ಮರದಡಿಯ ಕುಡಿಯುವ ನೀರಿನ ಬಾವಿಗೆ ಬೀಳುವ ಹಿಕ್ಕೆ. ಪ್ರತಿ ದೀಪಾವಳಿಗೂ ಮರದ ಕೆಳಗೆ ಗರ್ನಾಲು ಹೊಡೆದು ಬಾವಲಿಗಳನ್ನು ಎಬ್ಬಿಸುವುದು, ಬೇಸಿಗೆಗೆ ಮುಂಚೆ ಕೊಂಬೆ ಸವರಿಸುವುದು ಅವರ ರೂಢಿ. ಇದಲ್ಲದೆ ಉಬ್ಬಸಕ್ಕೂ ವಾತಕ್ಕೂ ಬಾವಲಿಯ ಮಾಂಸ, ಎಣ್ಣೆ ಒಳ್ಳೆಯದೆಂಬ ನಂಬಿಕೆಯಿಂದ ಕೋವಿ ಹಿಡಿದು ಬರುವವರೂ ಮೊದಲು ಇದ್ದರು. ಅವರನ್ನು ತಡೆಯಲು ಆಗ ಕಾನೂನೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಹಣ್ಣುಬಾವಲಿಗಳು ಕಾಗೆ, ಇಲಿ, ಹೆಗ್ಗಣಗಳ ಸಾಲಿನಲ್ಲಿ ಉಪದ್ರವಕಾರಿ ಪ್ರಾಣಿಗಳಾಗಿಯೇ ಇದ್ದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಅನುಸೂಚಿಯೇ ಹೋಯಿತು. ನಮ್ಮ ದೊಡ್ಡ ಹಣ್ಣುಬಾವಲಿ ಎರಡನೆಯ ಅನುಸೂಚಿಗೆ ಸೇರಿ ರಕ್ಷಿತ ಪ್ರಾಣಿಯಾಯಿತು. ಮಂಡಗದ್ದೆಗೂ ಗುಡವಿಗೂ ಹೋಗಿ ಬೆಳ್ಳಕ್ಕಿ, ಕೆಂಬರಲುಗಳನ್ನು ನೋಡಿ ಬರುವ ನಮ್ಮ ಜನ ತಮ್ಮದೇ ಊರಿನ ಈ ಮರದ ಕೆಳಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದರು ಎಂಬುದನ್ನೂ ಹೇಳಬೇಕು.

ಮೊದಲ ಸಭೆಯಲ್ಲಿಯೇ ಚರ್ಚೆ ಬಿಸಿಯಾಯಿತು. ಹಣ ಬಂದರೆ ಅದನ್ನು ಯಾವುದಕ್ಕೆ ಖರ್ಚು ಮಾಡುವುದು ಎಂಬ ಪ್ರಶ್ನೆಗೆ ಬಂದ ಉತ್ತರಗಳು ಬಹುಪಾಲು ಫಲಕ, ಜಾಥಾ, ಉಪನ್ಯಾಸ, ಟೀ ಷರ್ಟುಗಳ ಸುತ್ತಲೇ ಇದ್ದವು. ಸಹಕಾರ ಸಂಘದಲ್ಲಿ ಕುಳಿತು ಇಂಥ ಎಷ್ಟೋ ಖರ್ಚುಗಳಿಗೆ ಓಚರು ಬರೆದ ನನಗೆ ಅದರಲ್ಲಿ ವಿಶ್ವಾಸವಿರಲಿಲ್ಲ. ಬಾವಲಿಯ ಉಪಕಾರವನ್ನು ಊರೆಲ್ಲ ಉಣ್ಣುವುದು, ಅದರ ಹಿಕ್ಕೆಯನ್ನು ಒಬ್ಬರ ಬಾವಿ ಮಾತ್ರ ಸಹಿಸುವುದು ನ್ಯಾಯವಲ್ಲ; ಮೊದಲ ರೂಪಾಯಿ ಆ ಬಾವಿಯ ಮೇಲಿನ ಮುಚ್ಚಳಕ್ಕೆ ಹೋಗಬೇಕು, ಉಳಿದರೆ ಮುಂದಿನ ಮಾತು ಎಂದು ನಾನು ಪಟ್ಟು ಹಿಡಿದೆ. ಶಿಕ್ಷಕಿ ನನ್ನ ಪಕ್ಷ ವಹಿಸಿದರು. ಮರದ ಮಾಲೀಕರು ಸಭೆಗೆ ಬಂದಿರಲಿಲ್ಲ. ಸುದ್ದಿ ತಿಳಿದು ಅವರು ಹೇಳಿ ಕಳಿಸಿದ್ದು: ಮುಚ್ಚಳ ಹಾಕಿಸಿದ ಮೇಲೆ ಗರ್ನಾಲಿನ ಮಾತು ಆಡೋಣ.

ಎರಡನೆಯ ಜಗಳ ಪ್ರಮಾಣಪತ್ರದ ಬಗ್ಗೆ. ಅಮೆರಿಕದಿಂದ ಬಂದ ಪತ್ರದ ಮಾದರಿಯಲ್ಲೇ, ಒಂದೊಂದು ಬಾವಲಿಗೆ ಒಂದೊಂದು ಹೆಸರಿಟ್ಟು, ಫೋಟೊ ಅಂಟಿಸಿ, ಇದು ನಿಮ್ಮ ಬಾವಲಿ ಎಂದು ಕೊಡೋಣವೆಂದು ಮಕ್ಕಳು ಆಸೆಪಟ್ಟಿದ್ದರು. ಹೆಸರುಗಳ ಪಟ್ಟಿಯೂ ಸಿದ್ಧವಾಗಿತ್ತು. ಆದರೆ ಆರೈಕೆ ಕೇಂದ್ರದ ಬಾವಲಿ ನಿಜವಾಗಿ ಪಂಜರದಲ್ಲಿರುತ್ತದೆ, ಅದರ ದಾದಿಯರು ಅದನ್ನು ಗುರುತಿಸುತ್ತಾರೆ, ಅದು ಸತ್ತರೆ ದತ್ತು ಪಡೆದವರಿಗೆ ತಿಳಿಸಬಲ್ಲರು. ನಮ್ಮ ಮರದ ಮೇಲೆ ತಲೆಕೆಳಗಾಗಿ ನೇತಾಡುವ ನೂರಾರು ಕಾಡುಜೀವಿಗಳಲ್ಲಿ ಇವತ್ತು ಫೋಟೊ ತೆಗೆದದ್ದು ನಾಳೆ ಯಾವ ಕೊಂಬೆಯಲ್ಲಿದೆಯೆಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಇಲ್ಲದ ಪರಿಚಯವನ್ನು ಕಾಗದದಲ್ಲಿ ಬರೆದು ಹಣ ಪಡೆಯುವುದಕ್ಕೆ ನಾನು ರಸೀದಿ ಹರಿಯಲಾರೆ ಎಂದೆ. ಮಕ್ಕಳಿಗೆ ಬೇಸರವಾಯಿತು, ನನ್ನ ಮೊಮ್ಮಗಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಪ್ಪಿಗೆಯಾದ ಒಕ್ಕಣೆ ಹೀಗಿತ್ತು: ಈ ಪತ್ರ ಪಡೆದವರು ಗೋಳಿಮರದ ಬಾವಲಿ ನೆಲೆಯ ಒಂದು ವರ್ಷದ ಜವಾಬ್ದಾರಿಯಲ್ಲಿ ಪಾಲುದಾರರು, ಯಾವ ಪ್ರಾಣಿಯ ಮೇಲೂ ಯಾರಿಗೂ ಹಕ್ಕಿಲ್ಲ, ಹಣ ಬಾವಿಯ ಮುಚ್ಚಳ, ಹಣ್ಣಿನ ಮರಗಳ ಬಲೆ ಮತ್ತು ವಿದ್ಯುತ್ ತಂತಿಯ ಕೆಲಸಕ್ಕೆ ಈ ಅನುಕ್ರಮದಲ್ಲಿ ಬಳಕೆಯಾಗುತ್ತದೆ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಪ್ರತಿಯೊಂದನ್ನು ಕೊಟ್ಟು ಸ್ವೀಕೃತಿ ಪಡೆದೆವು. ಅಲ್ಲಿನ ಅಧಿಕಾರಿ ಓದಿ, ಯಾರೂ ಬಾವಲಿಯನ್ನು ಹಿಡಿಯುವುದು, ಮರಿಯನ್ನು ಮನೆಗೆ ಒಯ್ದು ಸಾಕುವುದು ಕೂಡದೆಂಬ ಒಂದು ಸಾಲನ್ನು ಸೇರಿಸಲು ಹೇಳಿದರು. ಸೇರಿಸಿದೆವು.

ಪತ್ರದ ಅಂದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಬುಟ್ಟಿ ಬರೆಯುವುದರಲ್ಲಿ ಹೆಸರಾದ ನೆರೆಯೂರಿನ ಒಬ್ಬ ಹೆಂಗಸಿಗೆ ಸಂಭಾವನೆ ಕೊಟ್ಟು, ಪ್ರಮಾಣಪತ್ರದ ಅಂಚಿಗೆ ಮಾದರಿ ಬರೆಸಿದೆವು. ಪುಂಡಿ ನಾರಿನ ಕುಂಚವನ್ನು ಹಿಟ್ಟಿನಲ್ಲಿ ಅದ್ದಿ, ಅಳತೆಪಟ್ಟಿ ಇಲ್ಲದೆ, ಒಂದರ ಪಕ್ಕ ಒಂದು ಗೆರೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ಎಳೆಯುತ್ತ ಹೋದ ಅವರು, ಬಾವಲಿ ಬರೆಯಿರಿ ಎಂದದ್ದಕ್ಕೆ ಸ್ವಲ್ಪ ಯೋಚಿಸಿ, ಚಿತ್ತಾರದಲ್ಲಿ ಅದು ಇಲ್ಲ, ಮರ ಬರೆಯುತ್ತೇನೆ ಎಂದರು. ಮರವೇ ಸರಿಯೆಂದು ನನಗೂ ಅನ್ನಿಸಿತು. ಅಮೆರಿಕದವರು ದತ್ತು ಪಡೆದವರಿಗೆ ಕೊಡುವ ಬೊಂಬೆಯ ಬದಲಿಗೆ ನಾವು ಒಂದು ಸುರಹೊನ್ನೆ ಸಸಿ ಕೊಡಲು ನಿರ್ಧರಿಸಿದೆವು. ಸುರಹೊನ್ನೆಯ ಹಣ್ಣನ್ನು ಬಾವಲಿ ದೂರದಿಂದ ಕಚ್ಚಿ ತಂದು, ಮೇಲಿನ ತಿರುಳನ್ನು ತಿಂದು ಬೀಜವನ್ನು ಉದುರಿಸುತ್ತದೆ. ವಿದ್ಯುತ್ ಬರುವ ಮುಂಚೆ ಹಿರಿಯರು ಬಾವಲಿ ಉದುರಿಸಿದ ಆ ಬೀಜಗಳನ್ನೇ ಆರಿಸಿ, ಗಾಣಕ್ಕೆ ಹಾಕಿ ಹೊನ್ನೆಣ್ಣೆ ತೆಗೆದು ದೀಪ ಉರಿಸುತ್ತಿದ್ದರು. ಗೋಳಿಮರದಡಿ ತಾನಾಗಿ ಮೊಳೆತಿದ್ದ ಸಸಿಗಳನ್ನೇ ಕಿತ್ತು ಚೀಲಕ್ಕೆ ಹಾಕಿದ್ದರಿಂದ ಅದಕ್ಕೆ ಹೆಚ್ಚಿನ ಖರ್ಚೂ ಬರಲಿಲ್ಲ.

ಹಣದ ಕಾನೂನು ನಾವು ಎಣಿಸಿದ್ದಕ್ಕಿಂತ ಬಿಗಿಯಾಗಿತ್ತು. ಯುವಕ ಮಂಡಲ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿತ್ತಾದರೂ ನವೀಕರಣದ ಕಾಗದಗಳು ಬಾಕಿ ಇದ್ದವು. ಮೊದಲು ಅವನ್ನು ಸರಿಪಡಿಸಿದೆವು. ಆತುರಗಾರರು ಕಾರ್ಯದರ್ಶಿಯ ಸ್ವಂತ ಫೋನಿಗೆ ಹಣ ಹಾಕಿಸಿಕೊಳ್ಳೋಣವೆಂದರು. ಊರಿನ ಹಣ ಒಬ್ಬರ ಖಾತೆಗೆ ಬಿದ್ದರೆ ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ, ಆದ್ದರಿಂದ ಮಂಡಲದ ಉಳಿತಾಯ ಖಾತೆಯ ಹೆಸರಿನಲ್ಲಿಯೇ ಕ್ಯೂಆರ್ ಕೋಡ್ ಬರುವವರೆಗೂ ಕಾಯಿಸಿದೆ. ನಮಗೆ ಆದಾಯ ತೆರಿಗೆಯ 80ಜಿ ಮಾನ್ಯತೆ ಇಲ್ಲದ್ದರಿಂದ, ಈ ವಂತಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದು ರಸೀದಿಯ ಮೇಲೆಯೇ ಅಚ್ಚು ಹಾಕಿಸಿದೆವು. ಬೆಂಗಳೂರಿನ ಒಂದಿಬ್ಬರು ಅದನ್ನು ಓದಿ ಹಿಂದೆ ಸರಿದರು.

ಎಲ್ಲಕ್ಕಿಂತ ವಿಚಿತ್ರವಾದದ್ದು ವಿದೇಶದ ಹಣದ ವಿಷಯ. ಮಲೆನಾಡಿನ ಯಾವ ಊರಿನಲ್ಲಿಯೂ ಈಗ ಪ್ರತಿ ಮೂರನೆಯ ಮನೆಯ ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಅವರಿಂದ ಧಾರಾಳವಾಗಿ ಹಣ ಬರುತ್ತದೆಂದು ಎಲ್ಲರೂ ಎಣಿಸಿದ್ದರು. ಲೆಕ್ಕಪರಿಶೋಧಕರು ನಮ್ಮನ್ನು ಕೂರಿಸಿಕೊಂಡು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು ವಿವರಿಸಿದರು. ಭಾರತದ ಪೌರತ್ವ ಉಳಿಸಿಕೊಂಡಿರುವವರು ವಿದೇಶದಲ್ಲಿದ್ದರೂ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರೆಂಬ ಕಾರ್ಡು ಹೊಂದಿದ್ದರೂ, ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಮೂಲವೇ. ಅವರ ಹಣ ಪಡೆಯಬೇಕೆಂದರೆ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ಬಾವಿಯ ಮುಚ್ಚಳಕ್ಕಾಗಿ ದೆಹಲಿಯವರೆಗೆ ಹೋಗುವ ಶಕ್ತಿ ನಮಗಿರಲಿಲ್ಲ. ಹೀಗಾಗಿ ದುಬೈಯಲ್ಲಿರುವ ಭಾರತೀಯ ಪಾಸ್‌ಪೋರ್ಟಿನ ಹುಡುಗನ ವಂತಿಗೆ ನಮ್ಮ ಪುಸ್ತಕದಲ್ಲಿ ಸೇರಿತು. ಇಡೀ ಆಲೋಚನೆಗೆ ಮೂಲಳಾದ ನನ್ನ ತಂಗಿಯ ಮಗಳು ಅಮೆರಿಕದ ಪೌರಳಾಗಿದ್ದರಿಂದ ಅವಳಿಗೆ ಬೇಡವೆಂದು ಬರೆಯಬೇಕಾಯಿತು. ಅವಳು ಆ ಹಣವನ್ನು ತನ್ನ ಊರಿನ ಬಾವಲಿಗಳಿಗೇ ಕೊಟ್ಟಳಂತೆ.

ಅಭಿಯಾನವನ್ನು ಅಕ್ಟೋಬರ್ 17ರ ಭೂಮಿ ಹುಣ್ಣಿಮೆಯಂದು ಶುರುಮಾಡಿ ನವೆಂಬರ್ 2ರ ಬಲಿಪಾಡ್ಯಮಿಗೆ ಮುಗಿಸುವುದೆಂದು ಗೊತ್ತು ಮಾಡಿದ್ದೆವು. ಗದ್ದೆಗೆ ಬಯಕೆಯ ಊಟ ಬಡಿಸುವ, ಬೆರಕೆ ಸೊಪ್ಪು ಬೀರುವ, ಕಾಗೆಗೂ ಇಲಿಗೂ ಒಂದು ಪಾಲು ಇಡುವ ಹಬ್ಬದಲ್ಲಿ ಬಾವಲಿಯ ಪಾಲನ್ನು ಕೇಳುವುದು ಸುಲಭವಾದೀತು ಎಂಬ ಲೆಕ್ಕಾಚಾರ ಅದು. ಆ ವರ್ಷದ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಆದರೆ ಕಾಲ ನಮಗೆ ಅನುಕೂಲವಾಗಿರಲಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಆ ಜುಲೈನಲ್ಲಿ ಒಬ್ಬ ಹುಡುಗ, ಸೆಪ್ಟೆಂಬರಿನಲ್ಲಿ ಒಬ್ಬ ಯುವಕ ನಿಫಾದಿಂದ ಸತ್ತಿದ್ದರು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಸುದ್ದಿ ಬಂದಾಗಿನಿಂದಲೇ ನಮ್ಮ ಕಡೆ ಬಾವಲಿ ಚೀಪಿ ಉದುರಿಸಿದ ಹಣ್ಣಡಿಕೆಯನ್ನು ಆರಿಸಲು ಕೆಲಸದವರು ಹಿಂದೆ ಮುಂದೆ ನೋಡುತ್ತಿದ್ದರು. ಹೀಗಿರುವಾಗ ಮನೆಯ ಜಗುಲಿಯಲ್ಲಿ ಕುಳಿತು ಬಾವಲಿಗೆ ವಂತಿಗೆ ಕೊಡಿ ಎಂದರೆ ಯಾರಾದರೂ ಮುಖ ನೋಡದೆ ಇರುತ್ತಾರೆಯೆ?

ನಿಫಾ ಬಾವಲಿಯಿಂದ ಬರುವುದೇ ಇಲ್ಲವೆಂದು ಹೇಳಿ ನುಣುಚಿಕೊಳ್ಳೋಣವೆಂಬ ಸಲಹೆಯನ್ನು ಶಿಕ್ಷಕಿ ಖಂಡತುಂಡವಾಗಿ ನಿರಾಕರಿಸಿದರು. ನಮ್ಮ ಮರದ ಮೇಲಿರುವ ಜಾತಿಯೇ ಆ ವೈರಸ್ಸಿನ ನೈಸರ್ಗಿಕ ಆಶ್ರಯವೆಂಬುದು ಸತ್ಯ. ಅದನ್ನು ಮುಚ್ಚಿಟ್ಟು ಪಡೆದ ಹಣ ಮುಂದಿನ ಸುದ್ದಿ ಬಂದ ದಿನವೇ ಶಾಪವಾಗುತ್ತದೆ ಎಂಬುದು ಅವರ ವಾದ. ಆದ್ದರಿಂದ ಮನೆ ಮನೆಯಲ್ಲೂ ಅವರು ಅದನ್ನೇ ಮೊದಲು ಹೇಳುತ್ತಿದ್ದರು. ಬಾಂಗ್ಲಾದೇಶದಲ್ಲಿ ರಾತ್ರಿ ಬಾವಲಿ ನೆಕ್ಕಿದ ಖರ್ಜೂರದ ಹಸಿ ನೀರಾವನ್ನು ಕುಡಿದವರಿಗೆ ರೋಗ ಬಂದದ್ದು, ಕೋಯಿಕ್ಕೋಡಿನಲ್ಲಿ ಬಹುತೇಕರಿಗೆ ಅದು ಆಸ್ಪತ್ರೆಯಲ್ಲಿ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು, ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಉದುರಿದ ಅಡಿಕೆಯನ್ನು ಕೈಗವಸು ಹಾಕಿಕೊಂಡು ಆರಿಸಿ ಸಾಬೂನಿನಲ್ಲಿ ಕೈ ತೊಳೆಯಬೇಕು, ಬಾವಿಯನ್ನು ಮುಚ್ಚಬೇಕು ಎಂಬುದನ್ನೆಲ್ಲ ವಿವರಿಸಿದ ಮೇಲೆ, ಹಾಗಾದರೆ ಮರ ಕಡಿದರೆ ಮುಗಿಯಿತಲ್ಲ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಅದಕ್ಕೆ ಅವರು ಕೊಡುತ್ತಿದ್ದ ಉತ್ತರ ನಮ್ಮ ಜಿಲ್ಲೆಯಿಂದಲೇ ಹುಟ್ಟಿದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಉದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು; ಮಂಗಗಳನ್ನು ಕೊಂದು ಯಾರೂ ಆ ಕಾಯಿಲೆಯನ್ನು ಗೆದ್ದಿಲ್ಲ. ಬಾವಲಿಗಳನ್ನು ಎಬ್ಬಿಸಿ ಓಡಿಸಿದರೂ ಅವು ಮಾಯವಾಗುವುದಿಲ್ಲ, ಒಂದು ಮರದ ಬದಲು ಹತ್ತು ಮನೆಗಳ ಮಾವಿನ ಮರಕ್ಕೆ ಹಂಚಿಹೋಗುತ್ತವೆ. ಬೆದರಿ ಬಳಲಿದ ಪ್ರಾಣಿ ವೈರಸ್ಸನ್ನು ಹೆಚ್ಚು ಹೊರಹಾಕುವ ಸಂಭವವೂ ಇದೆ. ಈ ಮಾತು ಕೇಳಿದ ಮೇಲೆ ಕೆಲವರು ಹಣ ಕೊಟ್ಟರು, ಕೆಲವರು ಕಾಫಿ ಮಾತ್ರ ಕೊಟ್ಟರು. ಇಬ್ಬರಿಗೂ ಒಂದೇ ಕರಪತ್ರ ಕೊಟ್ಟು ಬಂದೆವು.

ಶಿವಮೊಗ್ಗೆಯಲ್ಲಿ ಭೇಟಿಯಾದ ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರೊಬ್ಬರು ಬೇರೆಯದೇ ಆಕ್ಷೇಪ ಎತ್ತಿದರು. ನಿಮ್ಮ ಹಣ್ಣುಬಾವಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಆತಂಕವಿಲ್ಲದ ವರ್ಗದಲ್ಲಿದೆ. ಹಣ ಎತ್ತುವುದಾದರೆ ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಕೊನೆಯುಸಿರು ಹಿಡಿದಿರುವ, 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಎಲೆಮೂಗಿನ ಬಾವಲಿಗೆ ಎತ್ತಿ, ಅಥವಾ ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ರಾಟನ್ ಬಾವಲಿಗೆ ಎತ್ತಿ ಎಂದರು. ವಾದದಲ್ಲಿ ಹುರುಳಿತ್ತು. ಆದರೆ ಕೋಲಾರದ ಗುಹೆಯ ಲೆಕ್ಕವನ್ನು ಸಾಗರದಲ್ಲಿ ಕುಳಿತು ನಾನು ಹೇಗೆ ಒಪ್ಪಿಸಲಿ? ಗರ್ನಾಲು ಹೊಡೆಯುವವರೂ ಬಾವಿಯ ನೀರು ಕುಡಿಯುವವರೂ ವಂತಿಗೆ ಕೊಡುವವರೂ ಒಂದೇ ದಾರಿಯಲ್ಲಿ ಎದುರಾಗುವ ಕಡೆ ಇಂಥ ಕೆಲಸಕ್ಕೆ ಹಿಡಿತ ಇರುತ್ತದೆ. ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ. ಇವತ್ತು ಹೇರಳವಾಗಿದೆ ಎಂದು ಬಿಟ್ಟರೆ ನಾಳೆ ಅದರ ಸಂಖ್ಯೆ ಇಲಿಗಳಂತೆ ಚೇತರಿಸಿಕೊಳ್ಳುವುದಿಲ್ಲ. ಪ್ರಾಧ್ಯಾಪಕರು ನಕ್ಕು, ಎರಡು ಪಾಲಿನ ಹಣ ಕೊಟ್ಟರು.

ದೀಪಾವಳಿಯ ಸಮಯದಲ್ಲಿ ಅಂಟಿಗೆ-ಪಂಟಿಗೆಯವರ ಮೂಲಕ ವಂತಿಗೆ ಕೇಳಿಸುವ ಆಲೋಚನೆ ಕೆಲವರಿಗಿತ್ತು. ಬಲೀಂದ್ರನ ಜ್ಯೋತಿ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಹಾಡುತ್ತ ಹೋಗುವ ತಂಡದವರು, ದೀಪಕ್ಕೆ ಬಂದದ್ದು ದೀಪಕ್ಕೆ, ನಿಮ್ಮ ರಸೀದಿ ಪುಸ್ತಕವನ್ನು ಅದರ ಜೊತೆ ಸೇರಿಸಬೇಡಿ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಗರ್ನಾಲಿನ ವಿಷಯದಲ್ಲಿ ಅಷ್ಟು ಸಲೀಸಾಗಲಿಲ್ಲ. ತಮಿಳುನಾಡಿನಲ್ಲಿ ಬಾವಲಿಗಳಿಗಾಗಿ ತಲೆಮಾರುಗಳಿಂದ ಪಟಾಕಿ ಹೊಡೆಯುವುದನ್ನೇ ಬಿಟ್ಟ ಹಳ್ಳಿಗಳಿವೆಯೆಂದು ಹೇಳಿದಾಗ, ಅಲ್ಲಿ ಅವರ ಬಾವಿ ಎಲ್ಲಿದೆಯಂತೆ ಎಂದು ಮರದ ಮಾಲೀಕರು ಕೇಳಿದರು. ಆದರೂ ಹಬ್ಬಕ್ಕೆ ಮೊದಲೇ ಕಬ್ಬಿಣದ ಕೊಳವೆಗಳು ಅವರ ಅಂಗಳಕ್ಕೆ ಬಂದು ಬಿದ್ದದ್ದನ್ನು ನೋಡಿ, ಆ ವರ್ಷ ಪಟಾಕಿಯನ್ನು ಮನೆಯ ಮುಂದಿನ ಅಂಗಳದಲ್ಲಿಯೇ ಮುಗಿಸಿದರು. ಗೋಳಿಮರದ ಕಡೆ ಸದ್ದಾಗಲಿಲ್ಲ ಎಂದರೆ ಸುಳ್ಳಾದೀತು. ಮರದಡಿ ಹೊಡೆಯಲಿಲ್ಲ, ಅಷ್ಟೇ.

ಮಳೆ ಪೂರ್ತಿ ಬಿಟ್ಟ ಮೇಲೆ ಮುಚ್ಚಳದ ಕೆಲಸ ನಡೆಯಿತು. ಬಾವಿಯ ಕಟ್ಟೆಯ ಮೇಲೆ ಕೊಳವೆಗಳ ಚೌಕಟ್ಟು, ಅದರ ಮೇಲೆ ಒಂದು ಕಡೆಗೆ ಇಳಿಜಾರಾಗಿ ತಗಡು, ಗಾಳಿ ಬೆಳಕಿಗೆ ಬಿಟ್ಟ ಪಕ್ಕಗಳಲ್ಲಿ ಸಣ್ಣ ಕಣ್ಣಿನ ಜಾಲರಿ, ಕೊಡ ಇಳಿಸಲು ಮುಚ್ಚಿ ತೆರೆಯುವ ಬಾಗಿಲು. ತಗಡಿನ ಇಳಿಜಾರು ಮುಗಿಯುವಲ್ಲಿ ಹಿಕ್ಕೆ ತೊಳೆದು ಹೋಗಲು ಒಂದು ಕಾಲುವೆ ಮಾಡಿ ತೋಟದ ಗುಂಡಿಗೆ ತಿರುಗಿಸಿದ್ದು ಮೇಸ್ತ್ರಿಯ ಸ್ವಂತ ಬುದ್ಧಿ. ಆ ಗೊಬ್ಬರದ ಬಗ್ಗೆ ಮಾಲೀಕರು ಈಗ ದೂರುವುದಿಲ್ಲ. ಬಾವಿಯನ್ನು ಒಮ್ಮೆ ಪೂರ್ತಿ ತೋಡಿಸಿ, ಬ್ಲೀಚಿಂಗ್ ಪುಡಿ ಹಾಕಿಸಿದೆವು.

ಎರಡನೆಯ ಬಾಬತ್ತು ಬಲೆ. ಚಿಕ್ಕು, ಪೇರಲೆ, ರಂಬುಟಾನ್ ಬೆಳೆದವರು ಮರದ ಮೇಲೆ ಹಳೆಯ ಮೀನುಬಲೆಯನ್ನು ಸಡಿಲವಾಗಿ ಎಸೆಯುತ್ತಾರೆ. ಅದರ ತೆಳ್ಳನೆಯ ನೈಲಾನ್ ಎಳೆ ಬಾವಲಿಯ ರೆಕ್ಕೆಯ ತೊಗಲಿಗೆ ಸುತ್ತಿಕೊಂಡರೆ, ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಕೊಯ್ಯುತ್ತದೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಮನೆತೋಟದ ಬಲೆಯ ಕಣ್ಣು ಎಳೆದಾಗಲೂ 5 ಮಿಲಿಮೀಟರಿಗಿಂತ ದೊಡ್ಡದಾಗಬಾರದೆಂದು 2021ರಿಂದ ನಿಯಮವಿದೆ. ಬಲೆಯಲ್ಲಿ ಬೆರಳು ತೂರಿದರೆ ಅದು ತಪ್ಪು ಬಲೆ ಎಂಬುದು ಅಲ್ಲಿನ ಸುಲಭ ಪರೀಕ್ಷೆ. ಅಂಥ ಬಿಳಿಯ, ಸಣ್ಣ ಕಣ್ಣಿನ ಬಲೆಯನ್ನು ತರಿಸಿ, ಹಳೆಯದನ್ನು ತಂದುಕೊಟ್ಟವರಿಗೆ ಅರ್ಧ ಬೆಲೆಗೆ ಕೊಟ್ಟೆವು. ಪೂರ್ತಿ ಉಚಿತವಾಗಿ ಕೊಟ್ಟಿದ್ದರೆ ಅದು ಕೋಳಿಗೂಡಿಗೆ ಹೋಗುತ್ತಿತ್ತು ಎಂಬುದು ನನ್ನ ಅನುಭವ.

ಪಾಲುದಾರರಿಗೆ ಬೇಸಿಗೆಯಲ್ಲಿ ಒಂದು ಪತ್ರ ಬರೆಯುವುದಾಗಿ ಮಾತು ಕೊಟ್ಟಿದ್ದೆವು. ಅದಕ್ಕಾಗಿ ಮಕ್ಕಳು ದುರ್ಬೀನು ಹಿಡಿದು ಹಗಲಿನಲ್ಲಿ ಮರವನ್ನು ನೋಡಿದರು. ಸಂಜೆ ಗುಂಪುಗಳಾಗಿ ನಿಂತು, ಒಂದೊಂದು ದಿಕ್ಕಿಗೆ ಹಾರಿ ಹೋಗುವ ಬಾವಲಿಗಳನ್ನು ಎಣಿಸಿ ಸರಾಸರಿ ತೆಗೆದರು. ಸುಡುವ ಮಧ್ಯಾಹ್ನ ಬಾವಲಿ ಒಂದು ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಇನ್ನೊಂದರಿಂದ ಬೀಸಿಕೊಳ್ಳುವುದು, ಸೆಕೆ ಹೆಚ್ಚಿದಾಗ ಮೈಯನ್ನೂ ರೆಕ್ಕೆಯನ್ನೂ ಎಂಜಲಿನಿಂದ ನೆಕ್ಕಿ ತಂಪು ಮಾಡಿಕೊಳ್ಳುವುದು, ತಾಯಿಯ ಎದೆಗೆ ಕಚ್ಚಿಕೊಂಡ ಮರಿಯ ಪುಟ್ಟ ಕಿವಿಗಳು ರೆಕ್ಕೆಯ ಅಂಚಿನಿಂದ ಇಣುಕುವುದು, ಇವೆಲ್ಲ ಪತ್ರದಲ್ಲಿ ಸೇರಿದವು. ಮಕ್ಕಳಿಗೆ ಹೆಚ್ಚು ಸಂತೋಷ ಕೊಟ್ಟದ್ದು ಮಾತ್ರ ಬೇರೆ. ಮಲಮೂತ್ರ ವಿಸರ್ಜಿಸುವಾಗ ಬಾವಲಿ ತನ್ನ ಮೈ ಹೊಲಸಾಗದಂತೆ ಹೆಬ್ಬೆರಳಿನ ಉಗುರುಗಳಿಂದ ಕೊಂಬೆ ಹಿಡಿದು, ತಲೆ ಮೇಲಾಗಿ ತಿರುಗಿ ನೇತಾಡಿ, ಕೆಲಸ ಮುಗಿಸಿ, ಮೈ ಕೊಡವಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಪತ್ರದ ಕರಡಿನಲ್ಲಿ ಇದನ್ನು ಹೊಡೆದುಹಾಕಲು ಕಾರ್ಯದರ್ಶಿ ಮುಂದಾದರು. ಮಕ್ಕಳ ಒತ್ತಾಯದಿಂದ ಉಳಿಯಿತು. ಮುಂದಿನ ವರ್ಷ ಪಾಲು ನವೀಕರಿಸಿದವರಲ್ಲಿ ಹೆಚ್ಚಿನವರು ಮಾತಿನ ನಡುವೆ ನೆನಪಿಸಿಕೊಂಡದ್ದು ಆ ಸಾಲನ್ನೇ.

ಮೂರನೆಯ ಬಾಬತ್ತಾದ ವಿದ್ಯುತ್ ತಂತಿ ಇನ್ನೂ ಹಾಗೆಯೇ ಇದೆ. ಹಕ್ಕಿ ಒಂದು ತಂತಿಯ ಮೇಲೆ ಕುಳಿತು ಸುರಕ್ಷಿತವಾಗಿ ಹಾರಿ ಹೋಗುತ್ತದೆ. ಬಾವಲಿಯ ಅಗಲ ರೆಕ್ಕೆ ಒಟ್ಟಿಗೆ ಎರಡು ತಂತಿಗಳಿಗೆ ತಾಗುವುದರಿಂದ ಅದು ಅಲ್ಲಿಯೇ ಸುಟ್ಟು ನೇತಾಡುತ್ತದೆ. ಮರದಿಂದ ಗದ್ದೆ ಬಯಲಿಗೆ ಹೋಗುವ ದಾರಿಗೆ ಅಡ್ಡವಾಗಿರುವ ಆ ಭಾಗಕ್ಕೆ ಹೊದಿಕೆಯುಳ್ಳ ತಂತಿ ಹಾಕಬೇಕೆಂಬ ನಮ್ಮ ಅರ್ಜಿಗೆ ಅಂದಾಜುಪಟ್ಟಿ ಬಂದಿದೆ. ಆ ಮೊತ್ತ ನಮ್ಮ ಎರಡು ಹಬ್ಬಗಳ ವಂತಿಗೆಯನ್ನು ಸೇರಿಸಿದರೂ ಮುಟ್ಟುವುದಿಲ್ಲ. ಪಾಲಿನ ಬೆಲೆಯನ್ನು ಏರಿಸಬೇಕೆಂದು ಕೆಲವರೂ, ಏರಿಸಿದರೆ ಕೂಲಿ ಮಾಡುವ ಮನೆಯವರು ಹೊರಗುಳಿಯುತ್ತಾರೆಂದು ಉಳಿದವರೂ ವಾದಿಸಿದರು. ಬೆಲೆ ಏರಿಸಲಿಲ್ಲ. ಉಳಿದ ಹಣವನ್ನು ತಂತಿಯ ಬಾಬತ್ತಿಗೆಂದು ಮಂಡಲದ ಖಾತೆಯಲ್ಲಿಯೇ ಪ್ರತ್ಯೇಕ ಠೇವಣಿಯಾಗಿ ಇರಿಸಿ, ಅದರ ರಸೀದಿಯ ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು, ಕೊರತೆಯ ಪಾಲನ್ನು ಅವರು ಭರಿಸಬಹುದೇ ಎಂದು ಪತ್ರ ಬರೆದಿದ್ದೇವೆ. ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಸೇರಿದೆ.